ಮಾವನ ಮೀಸೆಯ ಎರಡು ಬದಿ

ಆ ಬೀದಿಯಲ್ಲಿ ಕೂದಲು ಕತ್ತರಿಸುವವರು ಬೇಕಾದಷ್ಟು ಜನರಿದ್ದರು. ತಲೆ ಮುಟ್ಟಿದ ಕೂಡಲೇ ನಿದ್ದೆ ಬರಿಸುವವನು ಮಾತ್ರ ಒಬ್ಬನೇ. ಅದಕ್ಕೇ ಅವನಿಗೆ ಜೋಂಪಣ್ಣ ಎಂಬ ಹೆಸರು ಬಿದ್ದಿತ್ತು. ಹೆತ್ತವರು ಇಟ್ಟ ಹೆಸರೇನು ಎಂದು ಯಾರಾದರೂ ಕೇಳಿದರೆ ಅವನೂ ಕತ್ತರಿ ನಿಲ್ಲಿಸಿ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಅಂಗಡಿ ಎಂದರೆ ಒಂದೇ ಕೋಣೆ. ಎದುರುಬದುರು ಗೋಡೆಗಳಿಗೆ ಎರಡು ಉದ್ದನೆಯ ಕನ್ನಡಿ, ನಡುವೆ ತಿರುಗುವ ಕುರ್ಚಿ. ಕೂತವನಿಗೆ ಮೊದಲು ತನ್ನ ಮುಖ ಕಾಣುತ್ತಿತ್ತು, ಅದರ ಹಿಂದೆ ತನ್ನದೇ ನೆತ್ತಿ, ಅದರ ಹಿಂದೆ ಮತ್ತೆ ಮುಖ. ಹೀಗೆ ಒಂದರೊಳಗೊಂದು ಹೋಗುತ್ತ ಹೋಗುತ್ತ ಎಲ್ಲವೂ ಪಾಚಿಯ ಬಣ್ಣಕ್ಕೆ ತಿರುಗಿ, ಕೊನೆಗೆ ಕೊಳದ ತಳದಲ್ಲಿ ಯಾರೋ ಕೂತು ತನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ಮೇಲೆ ಫ್ಯಾನು ಗೊಣಗುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದುಹೋಗುತ್ತಿತ್ತು. ಜೋಂಪಣ್ಣ ಬಿಸಿ ಟವಲ್ ಹಿಂಡಿ ಮುಖಕ್ಕೆ ಹೊದಿಸಿ ತೆಗೆದು, ಎರಡು ಹೆಬ್ಬೆರಳನ್ನು ಹುಬ್ಬಿನ ಮೇಲಿಟ್ಟು ಅವಸರವಿಲ್ಲದೆ ಕಿವಿಯ ಕಡೆಗೆ ಎಳೆದನೆಂದರೆ ಮುಗಿಯಿತು. ಮನೆಯಲ್ಲಿ ಜಗಳವಾಡಿ ಬಂದವರು, ನಾಳೆ ಆಪರೇಷನ್ ಇಟ್ಟುಕೊಂಡವರು, ಗೊರಕೆಯೇ ಹೊಡೆಯುವುದಿಲ್ಲ ಎಂದು ಆಣೆ ಇಡುವವರು, ಎಲ್ಲರೂ ಒಂದೇ ರಾಗದಲ್ಲಿ ಗೊರೆಯುತ್ತಿದ್ದರು. ಜನ ದುಡ್ಡು ಕೊಡುತ್ತಿದ್ದದ್ದು ಕೂದಲಿಗಲ್ಲ, ಆ ನಿದ್ದೆಗೆ.

ಎದುರುಗಡೆಯ ಔಷಧಿ ಅಂಗಡಿಯ ಕೌಂಟರಿನಲ್ಲಿ ಅವನ ಹೆಂಡತಿಗೆ ಕೆಲಸ. ಅವಳ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು: ಅವಳು ಮಹಾ ಸೋಮಾರಿ. ಕೊಟ್ಟ ಕೆಲಸ ತಪ್ಪಿಲ್ಲದೆ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂತಲ್ಲಿಂದ ಏಳುವುದೆಂದರೆ ಅವಳಿಗೆ ಪರ್ವತ ಹತ್ತಿದಷ್ಟು ಕಷ್ಟ. ಮನೆಯ ಕರೆಗಂಟೆ ಬಾರಿಸಿದರೆ, "ಬೇಕಿದ್ದೋರು ಇನ್ನೊಂದ್ಸಲ ಬಾರಿಸ್ತಾರೆ ಬಿಡಿ" ಎನ್ನುತ್ತಿದ್ದಳು. ಜೋಂಪಣ್ಣ ತದ್ವಿರುದ್ಧ. ಕೈ ಸುಮ್ಮನಿದ್ದರೆ ಅವನಿಗೆ ಮೈಯಲ್ಲಿ ಇರುವೆ ಬಿಟ್ಟಂತಾಗುತ್ತಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಿದ್ದ.

ಅವಳ ಅಪ್ಪ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಅವರಿಗೆ ಎರಡು ಹೆಮ್ಮೆ. ಒಂದು, ತಾವು ಹಸಿರು ಬಾವುಟ ಬೀಸಿದ ಯಾವ ಗಾಡಿಯೂ ದಾರಿಯಲ್ಲಿ ಹಳಿ ತಪ್ಪಿಲ್ಲ ಎಂಬುದು. ಇನ್ನೊಂದು, ಅವರ ಮೀಸೆ. ಮದುವೆಯಾದ ವರ್ಷ ಬಿಟ್ಟ ಮೀಸೆ ಅದು. ತುದಿ ಸವರುವುದನ್ನು ಬಿಟ್ಟರೆ ಕತ್ತರಿ ಅದರ ಹತ್ತಿರ ಸುಳಿದಿರಲಿಲ್ಲ. ಮುಖಕ್ಕಿಂತ ಮೊದಲು ಮೀಸೆ ಬಾಗಿಲೊಳಗೆ ಬರುತ್ತಿತ್ತು. ಮಗಳ ಮದುವೆಯ ಹೊಸದರಲ್ಲಿ ತಮ್ಮದೊಂದು ಚೂರು ಜಾಗ ಮಾರಿ ಬಂದ ಹಣವನ್ನು ಅವರು ಎರಡು ಸಮಪಾಲು ಮಾಡಿ ಒಂದು ಮಗಳಿಗೆ, ಒಂದು ಅಳಿಯನಿಗೆ ಕೊಟ್ಟಿದ್ದರು.

"ಷೇರು ಪೇಟೇಲಿ ಹಾಕಿ. ಒಬ್ಬರದಕ್ಕೆ ಇನ್ನೊಬ್ಬರು ಕೈ ಹಾಕ್ಬೇಡಿ. ನಿಮ್ಮ ನಿಮ್ಮ ಬುದ್ಧಿಯಂತೆ ಬೆಳೆಸ್ಕೊಳ್ಳಿ" ಎಂದಿದ್ದರು.

ಹೆಂಡತಿ ಬ್ಯಾಂಕಿಗೆ ಹೋದಳು. ಅಲ್ಲಿನ ಅಧಿಕಾರಿ ಪೇಟೆಯ ದೊಡ್ಡ ಕಂಪನಿಗಳೆಲ್ಲದರಲ್ಲೂ ಚೂರುಚೂರು ಹಣ ಹಾಕುವ ಒಂದು ಫಂಡಿನ ಬಗ್ಗೆ ಹೇಳಿದ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ನಾನು ಆಮೇಲೆ ಏನಾದ್ರೂ ಮಾಡ್ತಾ ಇರ್ಬೇಕಾ?" ಏನೂ ಬೇಡ ಎಂದ ಅವನು. "ಹಾಗಿದ್ರೆ ಇದೇ ಇರಲಿ" ಎಂದು ಸಹಿ ಹಾಕಿ, ಮನೆಗೆ ಬಂದು ಮಲಗಿದಳು. ಆಮೇಲೆ ಆ ವಿಷಯ ಅವಳ ನೆನಪಿನಿಂದಲೂ ಜಾರಿಹೋಯಿತು.

ಜೋಂಪಣ್ಣನೂ ಮೊದಮೊದಲು ಎರಡು ಒಳ್ಳೆಯ ಕಂಪನಿಗಳ ಷೇರು ಕೊಂಡು ಸುಮ್ಮನೇ ಇದ್ದ. ಅವನನ್ನು ಕೆಡಿಸಿದ್ದು ಒಂದು ನಿದ್ದೆ. ಷೇರು ದಲ್ಲಾಳಿ ಕಚೇರಿಯ ಗುಮಾಸ್ತನೊಬ್ಬ ಕುರ್ಚಿಯಲ್ಲಿ ಮಲಗಿದ್ದಾಗ ತುಟಿ ಅಲುಗಿಸಿ ಒಂದು ಬಣ್ಣದ ಕಂಪನಿಯ ಹೆಸರು ಹೇಳಿದ, ಹೇಳಿ ಮಗುವಿನ ಹಾಗೆ ನಕ್ಕ. ನಿದ್ದೆಯಲ್ಲಿ ಯಾರು ಸುಳ್ಳು ಹೇಳುತ್ತಾರೆ? ಜೋಂಪಣ್ಣ ಆ ಕಂಪನಿಯ ಷೇರು ಕೊಂಡ. ವಾರದೊಳಗೆ ಅದು ಏರಿತು. ಮಾರಿದ. ಬಂದ ಲಾಭದಲ್ಲಿ ಹೆಂಡತಿಗೊಂದು ಆರಾಮ ಕುರ್ಚಿ ತಂದುಕೊಟ್ಟ. ಅವಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಏನಿದೆ?

ಅಂದಿನಿಂದ ಅವನ ಕಿವಿ ಗಿರಾಕಿಗಳ ಬಾಯಿಯ ಹತ್ತಿರ ಬಾಗತೊಡಗಿತು. ಹೆಬ್ಬೆರಳು ಹುಬ್ಬಿನ ಮೇಲೆ, ಕಿವಿ ತುಟಿಯ ಬಳಿ. ಗುತ್ತಿಗೆದಾರ ಕನಸಿನಲ್ಲಿ ಸಿಮೆಂಟು ಎಂದರೆ ಸಿಮೆಂಟು ಕಂಪನಿ. ಡಾಕ್ಟರು ಉಸಿರೆಳೆದು ಏನೋ ಗೊಣಗಿದರೆ ಔಷಧಿ ಕಂಪನಿ. ಯಾರೋ ಒಬ್ಬ ನಿದ್ದೆಯಲ್ಲಿ ಅತ್ತ. ಅವತ್ತು ಜೋಂಪಣ್ಣ ಇದ್ದದ್ದನ್ನೆಲ್ಲ ಮಾರಿದ. ಬೇರೆಯವರ ಕನಸಿನೊಳಗೆ ಚಪ್ಪಲಿ ಬಿಟ್ಟು ನಡೆದು, ಅಲ್ಲಿಂದ ಬೊಗಸೆ ತುಂಬಿಕೊಂಡು ಬರುವ ಕಳ್ಳನ ಸುಖ ಅದು. ಕನ್ನಡಿಯ ಕೆಳಗೆ, ಪೌಡರ್ ಡಬ್ಬಿಗೆ ಒರಗಿಸಿ ಫೋನು ಇಟ್ಟುಕೊಂಡ. ಅದರೊಳಗೆ ಹಸಿರು ಗೆರೆ, ಕೆಂಪು ಗೆರೆ ಸದಾ ಹರಿದಾಡುತ್ತಿದ್ದವು.

ಗೆದ್ದದ್ದೂ ಉಂಟು, ಇಲ್ಲವೆನ್ನುವಂತಿಲ್ಲ. ಆದರೆ ಏರಿದ್ದನ್ನು ಇಳಿದೀತೆಂಬ ಭಯಕ್ಕೆ ಮಾರಿದರೆ ಅದು ಮತ್ತೂ ಏರುತ್ತಿತ್ತು. ಇಳಿದದ್ದನ್ನು ಮಾರಿ ಇನ್ನೊಂದನ್ನು ಕೊಂಡರೆ ಅದೂ ಇಳಿಯುತ್ತಿತ್ತು. ಕೊಂಡಾಗ ಒಂದಿಷ್ಟು ಕಮಿಷನ್, ಮಾರಿದಾಗ ಒಂದಿಷ್ಟು, ಲಾಭ ಬಂದರೆ ಅದರ ಮೇಲೆ ತೆರಿಗೆ. ಮಾವ ಕೊಟ್ಟ ಹಣ ವರ್ಷದಿಂದ ವರ್ಷಕ್ಕೆ ಕತ್ತರಿಗೆ ಸಿಕ್ಕ ಕೂದಲಿನ ಹಾಗೆ ಉದುರುತ್ತ ಬಂತು, ಮತ್ತು ಉದುರುವ ಸದ್ದು ಅವನಿಗೆ ಕೇಳಲಿಲ್ಲ.

ಕೇಳಿಸಿದ್ದು ಬೇರೆಯೇ. ಗೊರಕೆ ನಿಂತಿತು. ಮೊದಲು ಒಬ್ಬ ಗಿರಾಕಿ ನಡುವೆ ಕಣ್ಣು ಬಿಟ್ಟ, ಆಮೇಲೆ ಇನ್ನೊಬ್ಬ. "ಯಾಕೋ ಈಗೀಗ ನಿಮ್ಮ ಬೆರಳು ಚುರುಕಾಗಿದೆ" ಎಂದು ಒಬ್ಬರು ಹೊಗಳಿಕೆಯೋ ಬೈಗುಳವೋ ಗೊತ್ತಾಗದ ಧ್ವನಿಯಲ್ಲಿ ಹೇಳಿದರು. ಹೆಬ್ಬೆರಳು ಹುಬ್ಬಿನ ಅರ್ಧ ದಾರಿಯಲ್ಲಿ ನಿಂತು ಫೋನಿನ ಕಡೆ ತಿರುಗುವುದು ಅವನಿಗೇ ತಿಳಿಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಅದು ತಿಳಿಯುತ್ತಿತ್ತು. ನಿದ್ದೆ ಬಾರದ ಮೇಲೆ ಬೀದಿಯ ಇತರ ಅಂಗಡಿಗಳಿಗೂ ಅವನ ಅಂಗಡಿಗೂ ಏನು ವ್ಯತ್ಯಾಸ? ಜನ ಕಡಿಮೆಯಾದರು. ಅವನನ್ನು ಆಗಲೂ ಜೋಂಪಣ್ಣ ಎಂದೇ ಕರೆಯುತ್ತಿದ್ದರು, ಆ ಹೆಸರು ಕೇಳಿದಾಗಲೆಲ್ಲ ಅವನ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಇಂಥ ಹೊತ್ತಿನಲ್ಲೇ ಕೋಣೆಯ ಮಾಲಕಿ ಅಜ್ಜಿ ಬಂದು ಬೆಂಚಿನ ಮೇಲೆ ಕೂತರು.

"ನಾನು ತಂಗಿ ಊರಿಗೆ ಹೋಗ್ತಿದ್ದೀನಪ್ಪ. ಕೋಣೆ ಮಾರ್ಬೇಕು. ನಿನ್ನನ್ನೇ ಮೊದಲು ಕೇಳ್ತಿದ್ದೀನಿ. ತಿಂಗಳ ಕೊನೆಯೊಳಗೆ ಮುಂಗಡ ಕೊಟ್ರೆ ನಿಂದೇ, ಬಾಕಿ ಕಂತಲ್ಲಿ ಕೊಡು. ಇಲ್ದಿದ್ರೆ ಚಪ್ಪಲಿ ಅಂಗಡಿಯೋನು ಕಾಯ್ತಾ ಇದ್ದಾನೆ, ಕನ್ನಡಿ ಕಿತ್ತು ಗೋಡೆಗೆಲ್ಲಾ ಶೆಲ್ಫ್ ಹೊಡೀತಾನಂತೆ."

ಆ ಕನ್ನಡಿಗಳು, ಆ ಬಿಸಿಲು, ಆ ಗೊಣಗುವ ಫ್ಯಾನು ಬಿಟ್ಟು ಬೇರೆಲ್ಲಿಗೋ ಹೋದರೆ ಕಳೆದುಹೋದ ನಿದ್ದೆ ಇನ್ನೆಂದೂ ಮರಳಿ ಬಾರದು ಎಂದು ಜೋಂಪಣ್ಣನಿಗೆ ಖಾತ್ರಿಯಿತ್ತು. ಅಂದು ಸಂಜೆ ವಿಷಯ ತಿಳಿದ ಹೆಂಡತಿ ಆರಾಮ ಕುರ್ಚಿಯಿಂದ ತಲೆ ಎತ್ತದೆಯೇ ಕೇಳಿದಳು.

"ನಿಮ್ಮ ಪಾಲಿನದು ಬೆಳೆದಿರ್ಬೇಕಲ್ಲ ರೀ? ಅಷ್ಟು ಕಷ್ಟಪಡ್ತೀರ ಅದಕ್ಕೆ. ಮುಂಗಡಕ್ಕೆ ಸಾಕಾಗುತ್ತಾ?"

"ಸಾಕಾಗುತ್ತೆ" ಎಂದ ಜೋಂಪಣ್ಣ. ಹೇಳಿದ ಮೇಲೆ ಆ ಮಾತು ಕೋಣೆಯಲ್ಲೇ ತೇಲುತ್ತ ಉಳಿಯಿತು.

ಆಮೇಲಿನ ದಿನಗಳು ಮಂಜಿನೊಳಗೆ ಹೋದವು. ಉಳಿದ ಚೂರನ್ನು ಹೇಗಾದರೂ ಮುಂಗಡದಷ್ಟು ಮಾಡಬೇಕೆಂದು ಅವನು ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರಿದ, ಮಧ್ಯಾಹ್ನ ಮಾರಿದ್ದನ್ನು ಮತ್ತೆ ಕೊಂಡ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಾನೇ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ, ಕೊಳದ ತಳದಲ್ಲಿದ್ದ ಆ ಕಟ್ಟಕಡೆಯ ಮನುಷ್ಯ ಎದ್ದು ನಿಂತು ಏನೋ ಕಂಪನಿಯ ಹೆಸರು ಹೇಳಿದಂತಾಗುತ್ತಿತ್ತು. ತುಟಿ ಕಾಣುತ್ತಿತ್ತು, ಮಾತು ಬರುತ್ತಿರಲಿಲ್ಲ. ಕಡೆಗೊಂದು ದಿನ ಬೆಳಿಗ್ಗೆ ಉಳಿದದ್ದೆಲ್ಲವನ್ನೂ ಸಾಬೂನು ಮಾಡುವ ಒಂದೇ ಕಂಪನಿಯ ಮೇಲೆ ಸುರಿದ.

ಅವತ್ತೇ ಮಾವ ಬಂದರು. ಹಳೆಯ ಗಾರ್ಡುಗಳೆಲ್ಲ ಸೇರಿ ಫೋಟೊ ತೆಗೆಸಿಕೊಳ್ಳುವ ದಿನ.

"ಬಲಗಡೆ ಒಂದು ಎಳೆ ಜಾಸ್ತಿ ಕಾಣುತ್ತೆ ಅಳಿಯಂದ್ರೆ. ಅಷ್ಟೇ ನೋಡಿ. ಮಿಕ್ಕಿದ್ದಕ್ಕೆ ಕೈ ಹಚ್ಬೇಡಿ" ಎಂದು ಕೂತರು. ಈಚೆಗೆ ತಮಗೂ ಅಲ್ಲಿ ನಿದ್ದೆ ಬರುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಅಳಿಯನ ಮನಸ್ಸು ನೋಯದಿರಲಿ ಎಂದು ಕಣ್ಣು ಮುಚ್ಚಿಕೊಂಡರು, ಕತ್ತರಿ ಎಷ್ಟು ಆಡಿದರೂ ಅವನ ಕೈಯನ್ನು ನಂಬಿ ತೆರೆಯಲಿಲ್ಲ.

ಜೋಂಪಣ್ಣ ಬಲಗಡೆ ಒಂದು ಎಳೆ ತೆಗೆದ. ಫೋನು ಗುರುಗುಟ್ಟಿತು. ಸಾಬೂನಿನ ಗೆರೆ ಕೆಂಪಾಗಿತ್ತು. ಅವನ ಕಣ್ಣು ಅದರ ಮೇಲೇ ಇತ್ತು, ಕತ್ತರಿ ಬಲಗಡೆ ಇನ್ನೊಂದು ಸಲ ಆಡಿತು. ಈಗ ಎಡಗಡೆ ಜಾಸ್ತಿಯಾಯಿತು. ಎಡಗಡೆ ಸ್ವಲ್ಪ ತೆಗೆದ. ಗೆರೆ ಮತ್ತೆ ಜಾರಿತು. ಈಗ ಮಾರುವುದೋ, ಇನ್ನು ಸ್ವಲ್ಪ ನೋಡುವುದೋ? ಬಲಗಡೆ ಸ್ವಲ್ಪ. ಏರಿತಾ? ಏರಿತು, ಇಲ್ಲ, ಇಳಿಯಿತು. ಎಡಗಡೆ ಸ್ವಲ್ಪ. ಕನ್ನಡಿಯೊಳಗೆ ಮಾವಂದಿರ ದೊಡ್ಡ ಸಾಲು ಕೂತಿತ್ತು. ಒಳಗೊಳಗೆ ಹೋದಂತೆ ಒಬ್ಬೊಬ್ಬರ ಮೀಸೆಯೂ ತೆಳ್ಳಗಾಗಿ, ಪಾಚಿಯ ಬಣ್ಣದ ತಳದಲ್ಲಿ ಮೀಸೆಯೇ ಇಲ್ಲದ ಒಬ್ಬ ಪುಟ್ಟ ಮಾವ ಕೂತಿದ್ದರು. ಅದು ದೂರದ ತಮಾಷೆ ಎಂದುಕೊಂಡ ಜೋಂಪಣ್ಣ. ಕತ್ತರಿಯ ಕಿಚಕಿಚ ಸದ್ದು ಎಲ್ಲೋ ಬೇರೆಯವರ ಅಂಗಡಿಯಿಂದ ಬಂದಂತೆ ಹಿತವಾಗಿ ಕೇಳುತ್ತಿತ್ತು. ಎಷ್ಟೋ ದಿನಗಳ ಮೇಲೆ ಅವನಿಗೇ ಜೋಂಪು ಹತ್ತಿದಂತಿತ್ತು.

ಎಚ್ಚರವಾದಾಗ ಎರಡೂ ಬದಿ ಸರಿಯಾಗಿ ಸಮವಾಗಿದ್ದವು. ಅಂದರೆ, ಏನೂ ಉಳಿದಿರಲಿಲ್ಲ.

ಮಾವ ಕಣ್ಣು ಬಿಟ್ಟರು. ಕನ್ನಡಿಯೊಳಗಿನ ಮನುಷ್ಯನನ್ನು ನೋಡಿದರು. ತಿರುಗಿ ಹಿಂದಿನ ಕನ್ನಡಿಯಲ್ಲೂ ನೋಡಿದರು, ಅಲ್ಲಾದರೂ ಇದೆಯೇನೋ ಎಂಬಂತೆ. ಆಮೇಲೆ ಬೆರಳಿನಿಂದ ಮೇಲ್ತುಟಿ ಮುಟ್ಟಿಕೊಂಡು, "ಇದ್ಯಾರು?" ಎಂದರು.

"ಮಾವ... ಸಮ ಮಾಡ್ತಾ ಇದ್ದೆ..."

"ಸಮ ಆಗಿದೆ ಬಿಡಿ" ಎಂದರು ಮಾವ.

ಆ ಮನುಷ್ಯ ಕೂಗಾಡಿದ್ದರೆ ಜೋಂಪಣ್ಣ ಹೇಗೋ ತಡೆದುಕೊಳ್ಳುತ್ತಿದ್ದ. ಕೂಗಲಿಲ್ಲ. ಫೋನು ಮತ್ತೆ ಗುರುಗುಟ್ಟಿತು, ಜೋಂಪಣ್ಣ ಕುರ್ಚಿಯ ಪಕ್ಕದಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ.

"ನೀವು ಕೊಟ್ಟಿದ್ದೂ ಹಿಂಗೇ ಆಯ್ತು ಮಾವ. ಇಲ್ಲಿ ಸ್ವಲ್ಪ ತೆಗೆದೆ, ಅಲ್ಲಿ ಸ್ವಲ್ಪ ತೆಗೆದೆ. ಸರಿ ಮಾಡ್ತಾ ಮಾಡ್ತಾ ಮುಗಿಸ್ಬಿಟ್ಟೆ. ಕೋಣೆ ಹೋಗುತ್ತೆ. ಅವಳಿಗೆ ಇದೆ ಅಂತ ಸುಳ್ಳು ಹೇಳಿದ್ದೀನಿ."

ಬಿಸಿಲು ಒಂದು ಕನ್ನಡಿಯಿಂದ ಇಳಿದು ನೆಲದ ಮೇಲೆ ಬಿದ್ದ ನರೆತ ಕೂದಲನ್ನು ಬೆಳಗುತ್ತಿತ್ತು.

"ನಾನೂ ಕೆಂಪು ಹಸಿರು ನೋಡ್ಕೊಂಡೇ ಬದುಕಿದೋನು" ಎಂದರು ಮಾವ ಕೊನೆಗೆ. "ಆದ್ರೆ ಗಾಡಿ ಹತ್ತಿದ ಜನ ಕೆಂಪು ಕಂಡಾಗೆಲ್ಲ ಇಳಿದು ಬೇರೆ ಗಾಡಿ ಹಿಡೀತಿರ್ಲಿಲ್ಲಪ್ಪ. ಕೂತ್ಕೊಂಡು ನಿದ್ದೆ ಮಾಡ್ತಿದ್ರು. ಊರು ಬರ್ತಿತ್ತು." ಟವಲನ್ನು ಮೂಗಿನವರೆಗೆ ಸುತ್ತಿಕೊಂಡು ಎದ್ದರು. "ಅವಳಿಗೆ ನಾನೇನೂ ಹೇಳಲ್ಲ. ನೀವೇ ಹೇಳ್ಬೇಕು. ಫೋಟೊಗಂತೂ ನಾನು ಹೋಗಲ್ಲ."

ಟವಲ್ ಸುತ್ತಿಕೊಂಡು ಅಪ್ಪ ಬೀದಿಗಿಳಿದದ್ದು ಎದುರಿನ ಕೌಂಟರಿನಿಂದ ಕಾಣಿಸಿತು. ಯಾರೂ ಕರೆಯದೆ, ಗಂಟೆ ಬಾರಿಸದೆ, ಅವನ ಹೆಂಡತಿ ಕೂತಲ್ಲಿಂದ ಎದ್ದು ಬೀದಿ ದಾಟಿ ಬಂದಳು. ಅವಳು ಹಾಗೆ ಎದ್ದು ಬಂದದ್ದನ್ನು ಕಂಡೇ ಜೋಂಪಣ್ಣನಿಗೆ ಇನ್ನು ಏನನ್ನೂ ಮುಚ್ಚಿಡಲಾಗದು ಎಂದು ತಿಳಿಯಿತು. ಅವಳು ಕುರ್ಚಿಯಲ್ಲಿ ಕೂತಳು. ಅವನು ಎಲ್ಲವನ್ನೂ ಹೇಳಿದ. ಗುಮಾಸ್ತನ ನಿದ್ದೆಯಿಂದ ಹಿಡಿದು ಸಾಬೂನಿನವರೆಗೆ.

"ದುಡ್ಡು ಹೋಯ್ತಲ್ಲ ಅಂತ ಅಲ್ಲ ರೀ" ಎಂದಳು ಅವಳು ಕನ್ನಡಿಯಲ್ಲಿ ಅವನನ್ನು ನೋಡುತ್ತ. "ಅವತ್ತು ಸಾಕಾಗುತ್ತೆ ಅಂದ್ರಲ್ಲ, ನಾನು ನೆಮ್ಮದಿಯಾಗಿ ಮಲಗ್ಬಿಟ್ಟೆ. ನೀವು ಪಕ್ಕದಲ್ಲೇ ಒಬ್ಬರೇ ಎದ್ದಿದ್ರಿ. ಅದು ನೆನೆಸ್ಕೊಂಡ್ರೆ ಸಿಟ್ಟು ಬರುತ್ತೆ."

ಅವಳ ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡಳು.

"ನನ್ನ ಪಾಲಿನದು ಎಷ್ಟಾಗಿದೆ?" ಎಂದು ಕೇಳಿದಳು ಆಮೇಲೆ.

"ನಂಗೇನು ಗೊತ್ತು ಕಣೇ, ನಿಂದು."

"ನಂಗೂ ಗೊತ್ತಿಲ್ಲ."

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದರು. ಅದೇ ಅಧಿಕಾರಿ, ಈಗ ತಲೆ ಬೆಳ್ಳಗಾಗಿತ್ತು. ಅವನು ಪರದೆಯನ್ನು ಅವರ ಕಡೆ ತಿರುಗಿಸಿದ. ಜೋಂಪಣ್ಣ ಅಂಕಿಯನ್ನು ಒಮ್ಮೆ ಓದಿದ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. ಮುಂಗಡವೂ ಆಗುತ್ತಿತ್ತು, ಮಿಗುತ್ತಲೂ ಇತ್ತು.

"ನಡುವೆ ಒಂದ್ಸಲ ಅರ್ಧಕ್ಕೆ ಬಿದ್ದಿತ್ತು" ಎಂದ ಅಧಿಕಾರಿ. "ಆಗ ಎಲ್ಲಾ ಇಲ್ಲಿ ಬಂದು ಅಳ್ತಿದ್ರು, ವಾಪಸ್ ಕೊಡಿ ಅಂತ. ನೀವು ಬರ್ಲೇ ಇಲ್ಲ."

"ಹೌದಾ? ಯಾವಾಗ?" ಎಂದಳು ಹೆಂಡತಿ ಗಾಬರಿಯಿಂದ. "ನಂಗೆ ಗೊತ್ತಾಗಿದ್ರೆ ನಾನೂ ಬಂದು ಅಳ್ತಿದ್ದೆ. ಗೊತ್ತಾಗ್ಲಿಲ್ಲ ನೋಡಿ."

ಜೋಂಪಣ್ಣನಿಗೆ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ತಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಅಷ್ಟೂ ಕಾಲ ಅವಳ ಹಣ ಅವಳ ಹಾಗೆಯೇ ಮಗ್ಗುಲು ಬದಲಿಸದೆ ಮಲಗಿ ಬೆಳೆದಿತ್ತು. ಆದರೆ ಹೊರಗೆ ಬಂದು ಬಿಸಿಲಿಗೆ ನಿಂತಾಗ ಹೊಟ್ಟೆಕಿಚ್ಚು ಕರಗಿ, ಎಷ್ಟೋ ಕಾಲದಿಂದ ಹೊತ್ತ ಚೀಲ ಯಾರೋ ಇಳಿಸಿಕೊಂಡಂತೆ ಹೆಗಲು ಹಗುರಾಯಿತು.

"ಕೋಣೆ ನನ್ನ ಹೆಸರಲ್ಲಿ" ಎಂದಳು ಅವಳು. "ನೀವು ನನಗೆ ಬಾಡಿಗೆ ಕೊಡ್ಬೇಕು. ಮಿಕ್ಕಿದ್ದು ಫಂಡಲ್ಲೇ ಇರಲಿ. ಫೋನು ಕೆಲಸದ ಹೊತ್ತಲ್ಲಿ ನನ್ನ ಕೌಂಟರ್ ಮೇಲೆ."

"ಆಯ್ತು."

"ಅಪ್ಪನ ಮೀಸೆ?"

ಅವನು ಅಂಗಡಿಯ ಬೀಗದ ಕೈ ತಿರುವುತ್ತ ಮುಂದೆ ನಡೆದ.

ಕೋಣೆ ಉಳಿಯಿತು. ಕೈ ಮಾತ್ರ ಅಷ್ಟು ಬೇಗ ದಾರಿಗೆ ಬರಲಿಲ್ಲ. ಸಾಬೂನಿನಲ್ಲಿ ಉಳಿದ ಚಿಲ್ಲರೆಯನ್ನು ಅವನು ಹೆಂಡತಿಯ ಫಂಡಿಗೇ ಹಾಕಿದ, ಆದರೂ ಬೆರಳುಗಳು ಪೌಡರ್ ಡಬ್ಬಿಯ ಕಡೆ ತಿರುಗುತ್ತಲೇ ಇದ್ದವು. ಅಲ್ಲಿ ಫೋನಿರಲಿಲ್ಲ. ಗಿರಾಕಿಗಳು ಕಣ್ಣು ಬಿಟ್ಟುಕೊಂಡೇ ಕೂರುತ್ತಿದ್ದರು. ಕೋಣೆ ದಕ್ಕಿ ನಿದ್ದೆ ದಕ್ಕದಿದ್ದರೆ ಏನು ಬಂತು ಎಂದು ಅವನು ಒಳಗೊಳಗೇ ಬೇಯುತ್ತಿದ್ದ. ಮಾವ ಅಂಗಡಿಯ ಮುಂದೆ ಹಾಯುವಾಗ ಟವಲ್ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಟವಲ್ ಇಲ್ಲದೆ ಒಳಗೆ ಬಂದರು. ಮೀಸೆ ಚಿಗುರಿತ್ತು. ಚಿಗುರಿದ್ದು ಚಂದವಾಗಿಯೇನಲ್ಲ: ಬಲಗಡೆ ಪೊದೆ, ಎಡಗಡೆ ಬಯಲು. ಬೀದಿಯ ಮಕ್ಕಳು ನಗುವಂತಿತ್ತು.

"ಮುಖ ಕ್ಷೌರ ಮಾಡಿ. ಮೀಸೆ ಮುಟ್ಬೇಡಿ" ಎಂದು ಕೂತು, ಅಳಿಯನ ಮನಸ್ಸು ನೋಯದಿರಲಿ ಎಂದು ಅಂದಿನಂತೆಯೇ ಕಣ್ಣು ಮುಚ್ಚಿದರು.

ಜೋಂಪಣ್ಣ ನೊರೆ ಹಚ್ಚಿದ, ಕೆನ್ನೆ ಬೋಳಿಸಿದ, ಟವಲ್ ಹೊದಿಸಿ ತೆಗೆದ. ಆ ಪೊದೆ ಅವನನ್ನು ಕರೆಯುತ್ತಿತ್ತು. ಒಂದೇ ಎಳೆ. ಬಲಗಡೆ ಒಂದೇ ಒಂದು ಎಳೆ ತೆಗೆದರೆ ಎಷ್ಟೋ ವಾಸಿಯಾಗುತ್ತಿತ್ತು. ಕೈ ಕತ್ತರಿಯ ಮೇಲೆ ಹೋಯಿತು. ಬೆರಳು ಉಂಗುರದೊಳಗೆ ನುಗ್ಗಿತು. ಅವನ ಮೈ ಬೆವರಿತು, ನಂಬಿ, ಅಷ್ಟು ಚಿಕ್ಕ ವಿಷಯಕ್ಕೆ ಮೈ ಬೆವರಿತು. ಆಮೇಲೆ ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಮುಚ್ಚಿ, ಎರಡು ಹೆಬ್ಬೆರಳನ್ನು ಮಾವನ ಹುಬ್ಬಿನ ಮೇಲಿಟ್ಟು, ಕಿವಿಯ ಕಡೆಗೆ ಎಳೆದ. ಮತ್ತೆ ಎಳೆದ. ಬಿಸಿಲು ಈ ಕನ್ನಡಿ ಬಿಟ್ಟು ಆ ಕನ್ನಡಿಗೆ ಹೊರಟಿತ್ತು, ಅವನು ಅದರ ಜೊತೆಗೇ ಎಳೆಯುತ್ತ ಹೋದ.

ಮೊದಲು ಮಾವನ ದವಡೆ ಸಡಿಲವಾಯಿತು. ಆಮೇಲೆ ಕುತ್ತಿಗೆ ವಾಲಿತು. ಆಮೇಲೆ, ಬಹಳ ದೂರದಿಂದ ಗಾಡಿ ಬರುವ ಹಾಗೆ, ಗೊರಕೆ ಬಂತು. ಒಂದೊಂದು ಉಸಿರಿಗೂ ಬಲಗಡೆಯ ಪೊದೆ ಏಳುತ್ತಿತ್ತು, ಬೀಳುತ್ತಿತ್ತು. ಕನ್ನಡಿಯೊಳಗೆ ಒಬ್ಬರ ಹಿಂದೆ ಒಬ್ಬರಾಗಿ ಎಲ್ಲ ಮಾವಂದಿರೂ, ಪಾಚಿಯ ಬಣ್ಣದ ತಳದಲ್ಲಿದ್ದ ಆ ಪುಟ್ಟ ಮಾವನವರೆಗೆ, ವಾರೆ ಮೀಸೆ ಹೊತ್ತು ನಿದ್ದೆಹೋಗಿದ್ದರು.

ಎದುರಿನ ಔಷಧಿ ಅಂಗಡಿಯಲ್ಲಿ ಅವನ ಫೋನು ಬಡಿದುಕೊಳ್ಳುವ ಸದ್ದು ಸಣ್ಣಗೆ ಕೇಳಿಸಿತು. ಹೆಂಡತಿ ಅದನ್ನು ಒಮ್ಮೆ ನೋಡಿದಳು, ಎದ್ದು ತರಲು ಸೋಮಾರಿತನವಾಗಿ ಸುಮ್ಮನಾದಳು. ಜೋಂಪಣ್ಣನ ಹೆಬ್ಬೆರಳು ನಿಲ್ಲಲಿಲ್ಲ.